ಹಿಂದಿನ ಸೀಟು ಯಾರದು?

"ಅಯ್ಯೋ... ಬೀಳ್ತಿದೆ! ಬೀಳ್ತಿದೆ!"

ಶೋರೂಮಿನ ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಬಂದವಳ ಕಿವಿಗೆ ಮೊದಲು ಬಿದ್ದದ್ದೇ ಆ ಕೂಗು.

ಕಣ್ಣೆದುರಿಗೇ ಒಂದು ದೈತ್ಯ ಬೈಕು ಎಡಕ್ಕೆ ವಾಲುತ್ತಿತ್ತು. ಅದರ ಮೇಲೆ ಕನ್ನಡಕ ಹಾಕಿಕೊಂಡ ಕುಳ್ಳಗಿನ ಒಬ್ಬ ಗಂಡಸು. ಅವನ ಕಾಲು ನೆಲವನ್ನು ಹುಡುಕುತ್ತಿತ್ತು. ನೆಲ ಮಾತ್ರ ಸಿಗುತ್ತಿರಲಿಲ್ಲ...

ಅವಳು ಯೋಚಿಸುತ್ತಾ ನಿಲ್ಲಲಿಲ್ಲ. ದಾಪುಗಾಲಿಟ್ಟು ಹೋಗಿ ಒಂದು ಕೈಯಲ್ಲಿ ಹ್ಯಾಂಡಲ್ಲನ್ನೂ ಇನ್ನೊಂದರಲ್ಲಿ ಹಿಂದಿನ ಕಂಬಿಯನ್ನೂ ಹಿಡಿದು, ಸೊಂಟವನ್ನು ಟ್ಯಾಂಕಿಗೆ ಒತ್ತಿ ನಿಂತುಬಿಟ್ಟಳು.

ಬೈಕು ಗಪ್ಪನೆ ನಿಂತಿತು!

"ಹಿಡ್ಕೊಂಡಿದೀನಿ. ಆ ಕಡೆಯಿಂದ ಇಳೀರಿ."

"ನೀವು... ಒಬ್ಬರೇ ಹಿಡ್ಕೊಂಡ್ರಾ?"

"ಇನ್ನೂ ಹಿಡ್ಕೊಂಡೇ ಇದೀನಿ. ಬೇಗ ಇಳೀರಿ ಸ್ವಾಮಿ!"

ಅವನು ತಡಬಡಾಯಿಸಿ ಇಳಿದ. ಮೂಗಿನ ತುದಿಗೆ ಜಾರಿದ್ದ ಕನ್ನಡಕವನ್ನು ಮೇಲೇರಿಸಿ ಅವಳ ಮುಖ ನೋಡಿದ. ನೋಡಲು ಅವನು ಕತ್ತೆತ್ತಬೇಕಾಯಿತು.

ಅವಳ ಮನಸ್ಸು ಮುದುಡಿತು. 'ಈಗ ಹೇಳ್ತಾನೆ... ಅಬ್ಬಾ ಎಷ್ಟುದ್ದ ಇದೀರ ಅಂತ. ಎಲ್ಲರೂ ಹೇಳೋದು ಅದನ್ನೇ ತಾನೇ?'

ಆದರೆ ಅವನು ಹೇಳಿದ್ದೇ ಬೇರೆ.

"ಥ್ಯಾಂಕ್ಸ್ ಮೇಡಂ. ಮಾನ ಉಳಿಸಿದ್ರಿ. ಬೈಕಿಂದೂ, ನಂದೂ."

ಅವಳಿಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಸೇಲ್ಸ್‌ಮನ್ ಓಡೋಡಿ ಬಂದ.

"ಏನೂ ಆಗಿಲ್ವಲ್ಲ ಸರ್? ಒಂದ್ ಕೆಲಸ ಮಾಡಿ, ನೀವು ಮುಂದೆ ಕೂತ್ಕೊಳಿ, ಮೇಡಂ ಹಿಂದೆ ಕೂತ್ಕೊಳ್ಳಲಿ. ಗಂಡ ಹೆಂಡ್ತಿ ಟೂರ್ ಹೋಗೋಕೆ ಇದಕ್ಕಿಂತ..."

"ನಾವು ಗಂಡ ಹೆಂಡ್ತಿ ಅಲ್ಲ!"

ಇಬ್ಬರೂ ಒಂದೇ ಉಸಿರಿಗೆ ಹೇಳಿದರು. ಆಮೇಲೆ ಇಬ್ಬರ ಮುಖವೂ ಕೆಂಪಾಯಿತು.

ಅವಳು ಈಜು ಕಲಿಸುವ ಟೀಚರ್. ಅಗಲ ಹೆಗಲು, ನೀಳ ಕೈಕಾಲು. ಕೊಳದೊಳಗಿದ್ದಾಗ ಅವಳಷ್ಟು ಚೆಂದದ ಜೀವ ಇನ್ನೊಂದಿಲ್ಲ. ನೀರಿನಿಂದ ಮೇಲೆ ಬಂದರೆ ಸಾಕು, ಬೆನ್ನು ತಾನಾಗಿಯೇ ಬಾಗುತ್ತಿತ್ತು. ಸೋದರಮಾವ ಇಟ್ಟ 'ಏಣಿ' ಅನ್ನುವ ಅಡ್ಡಹೆಸರು ನೆಂಟರಿಷ್ಟರ ಬಾಯಲ್ಲಿ ಹಾಗೇ ಉಳಿದುಬಿಟ್ಟಿತ್ತು. ಅವಳನ್ನು ನೋಡಲು ಬಂದಿದ್ದ ಕೊನೆಯ ಸಂಬಂಧದವರಂತೂ ಹುಡುಗನ ಪಕ್ಕ ಅವಳನ್ನು ನಿಲ್ಲಿಸಿ ನೋಡಿ, "ಎಲ್ಲಾ ಸರಿ, ಆದ್ರೆ ನೋಡೋರಿಗೆ ಚೆನ್ನಾಗಿರಲ್ಲ" ಅಂದು ಎದ್ದು ಹೋಗಿದ್ದರು. ಅಂದಿನಿಂದ ಮದುವೆಯ ಮಾತೆತ್ತಲು ಅವಳು ಯಾರನ್ನೂ ಬಿಟ್ಟಿರಲಿಲ್ಲ.

ಮನೆಯಲ್ಲಿ ಇರುವುದು ಅವಳು, ಅಮ್ಮ, ಇಬ್ಬರೇ. ಅಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಿಳಿ ಹೊದಿಕೆಗಳನ್ನು ಒಗೆದು, ಮಡಚಿ, ಸೊಂಟ ಸವೆಸಿಕೊಂಡು ಈಚೆಗಷ್ಟೇ ನಿವೃತ್ತಿಯಾಗಿದ್ದಳು. ಲಾಂಡ್ರಿಯ ಕಿಟಕಿಯಿಂದ ದೂರದ ಬೆಟ್ಟದ ಸಾಲು ಕಾಣುತ್ತಿತ್ತಂತೆ. ಆ ಬೆಟ್ಟದ ಆಚೆ ಏನಿದೆ ಅಂತ ಒಮ್ಮೆ ನೋಡಬೇಕು ಅನ್ನುವುದು ಅಮ್ಮನ ಆಸೆ. ಆದರೆ ಬಸ್ಸು, ಕಾರು ಹತ್ತಿದರೆ ಸಾಕು, ಹೊಟ್ಟೆ ತೊಳೆಸಿ ವಾಂತಿ! ಮುಖಕ್ಕೆ ಗಾಳಿ ಬಡಿಯುತ್ತಿದ್ದರೆ ಮಾತ್ರ ಅಮ್ಮ ಆರಾಮ. ಹೀಗಾಗಿಯೇ ಮಗಳು ಬೈಕು ಹುಡುಕಿಕೊಂಡು ಬಂದಿದ್ದು.

"ನಿಮಗೆ ಎಂಥದ್ದು ಬೇಕು ಮೇಡಂ?" ಸೇಲ್ಸ್‌ಮನ್ ಈಗ ಅವಳ ಕಡೆ ತಿರುಗಿದ.

"ಇಬ್ಬರು ಕೂತು ಬೆಟ್ಟದ ರಸ್ತೇಲಿ ಹೋಗ್ಬೇಕು. ಎರಡು ವಾರಕ್ಕಾಗೋ ಲಗೇಜು ಬೇರೆ. ನನ್ನ ಚಿಂತೆ ಎಲ್ಲಾ ಹಿಂದಿನ ಸೀಟಿಂದೇ. ನಮ್ಮ ಮನೆಯವ್ರಿಗೆ ಸೊಂಟ ನೋವು. ಸೀಟು ಸರಿ ಇಲ್ದಿದ್ರೆ ಅರ್ಧ ದಾರೀಲೇ ಜಗಳ!"

ಅವಳು ಹೇಳಿದ್ದು ಅಮ್ಮನ ಬಗ್ಗೆ. ಆದರೆ ಪಕ್ಕದಲ್ಲೇ ನಿಂತಿದ್ದವನಿಗೆ 'ಮನೆಯವ್ರು' ಅಂದರೆ ಒಂದೇ ಅರ್ಥ... ಗಂಡ!

ಅವನ ಮುಖದ ನಗು ಒಂದಿಷ್ಟು ಮಾಸಿದ್ದನ್ನು ಅವಳು ಗಮನಿಸಲಿಲ್ಲ.

"ನಿಮ್ಮ... ಮನೆಯವ್ರು ಬಂದಿಲ್ವಾ?" ಅಂದ.

"ಅವರಿಗೆ ಅಂಗಡಿ ಸುತ್ತೋದು ಅಂದ್ರೆ ಆಗಲ್ಲ. ನೀನೇ ಆರಿಸ್ಕೊಂಡು ಬಾ, ನಾನು ಕೂತ್ಕೋತೀನಿ ಅಷ್ಟೇ ಅಂತಾರೆ."

"ಎತ್ತರ ಎಷ್ಟಿದಾರೆ?"

"ಹೆಚ್ಚುಕಮ್ಮಿ ನಿಮ್ಮಷ್ಟೇ. ದಪ್ಪಾನೂ ಅಷ್ಟೇ ಅನ್ನಿ."

ಅವನು ಹಿಂದಿನ ಸೀಟನ್ನು ಒಮ್ಮೆ ಒತ್ತಿ ನೋಡಿದ. ಆಮೇಲೆ, "ಹಾಗಾದ್ರೆ ಅವರ ಬದಲು ನಾನೇ ಹಿಂದೆ ಕೂತು ಹೇಗಿದೆ ಅಂತ ಹೇಳ್ಲಾ? ಬೀಳೋದರಿಂದ ಉಳಿಸಿದ್ರಿ, ಅಷ್ಟಾದ್ರೂ ಮಾಡ್ತೀನಿ," ಅಂದ.

ಅವನು ಕನ್ನಡಕದ ಅಂಗಡಿಯವನು. ಪೇಟೆಬೀದಿಯ ತಿರುವಿನಲ್ಲಿ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಮಾಡಿಕೊಡುವ ಪುಟ್ಟ ಅಂಗಡಿ ಅವನದು. ವಾರದ ರಜೆಯಲ್ಲಿ ಬೈಕುಗಳನ್ನು ನೋಡುತ್ತಾ ಅಲೆಯುವುದೇ ಹುಚ್ಚು. ಅವಳಿಗೂ ಅಂದೇ ರಜೆ.

ಮೊದಲು ನೋಡಿದ್ದು ಆ ದೈತ್ಯ ಬೈಕನ್ನೇ. ಅವಳ ಕಾಲೇನೋ ನೆಲಕ್ಕೆ ಚೆನ್ನಾಗಿ ಊರಿತು. ಆದರೆ ಹಿಂದಿನ ಸೀಟು ಕಿರಿದು, ಸಾಲದ್ದಕ್ಕೆ ಮುಂದಕ್ಕೆ ಇಳಿಜಾರು. ಬ್ರೇಕ್ ಒತ್ತಿದಾಗಲೆಲ್ಲ ಅವನು ಜಾರಿ ಬಂದು ಅವಳ ಹೆಲ್ಮೆಟ್ಟಿಗೆ ತನ್ನ ಹೆಲ್ಮೆಟ್ಟು 'ಟಕ್' ಅನ್ನಿಸುತ್ತಿದ್ದ.

"ಸಾರಿ!" ...ಟಕ್. "ಮತ್ತೆ ಸಾರಿ!" ...ಟಕ್. "ಮೇಡಂ, ಇಷ್ಟು ಸಾರಿ ನಾನು ಜನ್ಮದಲ್ಲೇ ಹೇಳಿಲ್ಲ. ಇದು ಬೇಡ!"

ಮುಂದಿನ ರಜೆಯ ದಿನ ಇಬ್ಬರೂ ಮಾತಾಡಿಕೊಂಡು ಹೋದದ್ದು ಇನ್ನೊಂದು ಶೋರೂಮಿಗೆ. ಅಲ್ಲಿದ್ದದ್ದು ತಗ್ಗಾದ, ಗುಂಡುಗುಂಡಾದ ಬೈಕು. ಸೀಟು ಸೋಫಾದಂತೆ ಮೆತ್ತಗಿತ್ತು. ಅವನು ಮುಂದೆ ಕೂತರೆ ಎರಡೂ ಪಾದ ನೆಲಕ್ಕೆ ಭದ್ರ! ಅವನ ಮುಖ ಅರಳಿತು. ಆದರೆ ಅವಳು ಕೂತಾಗ ಮೊಣಕಾಲು ಹ್ಯಾಂಡಲ್ಲಿಗೇ ತಾಗುತ್ತಿತ್ತು. ತಿರುವು ಬಂದರೆ ಹ್ಯಾಂಡಲ್ ತಿರುಗಿಸಬೇಕೋ, ಕಾಲು ತೆಗೆಯಬೇಕೋ ಅನ್ನುವ ಪರಿಸ್ಥಿತಿ.

"ಇದು ನಿಮಗೆ ಸರಿ ಇದೆ, ತಗೊಳ್ಳಿ," ಅಂದಳು ಅವಳು. ಆಮೇಲೆ, ಬೇಡ ಬೇಡ ಅಂದುಕೊಂಡೇ ಕೇಳಿಬಿಟ್ಟಳು. "ನೀವೂ ಇಬ್ಬರು ಕೂರೋ ಬೈಕೇ ಹುಡುಕ್ತಿದೀರಲ್ಲ... ನಿಮ್ಮ ಹಿಂದೆ ಕೂರೋರು ಯಾರು?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸತೊಡಗಿದ. ಕನ್ನಡಕ ಮೊದಲೇ ಸ್ವಚ್ಛವಾಗಿತ್ತು.

"ಯಾರೂ ಇಲ್ಲ. ಒಂದೇ ಸೀಟಿಂದು ತಗೊಂಡ್ರೆ ಇನ್ನು ಯಾರೂ ಬರಲ್ಲ ಅಂತ ನಾನೇ ಒಪ್ಕೊಂಡ ಹಾಗಾಗುತ್ತಲ್ಲ... ಅದಕ್ಕೇ."

ಅವಳ ಎದೆಯಲ್ಲಿ ಏನೋ ಹಗುರಾಯಿತು. 'ಯಾರೂ ಇಲ್ವಂತೆ! ಇಲ್ದಿದ್ರೆ ನಿನಗೇನು? ಯಾಕಿಷ್ಟು ಖುಷಿ?' ತನ್ನನ್ನು ತಾನೇ ಗದರಿಸಿಕೊಂಡಳು. ಖುಷಿ ಮಾತ್ರ ಗದರಿಕೆಗೆ ಬಗ್ಗಲಿಲ್ಲ.

ಅದಾದ ಮೇಲೆ ರಜೆ ಯಾವಾಗ ಬರುತ್ತದೋ ಅಂತ ಅವಳು ಕಾಯತೊಡಗಿದಳು. ಬೈಕಿನ ನೆಪದಲ್ಲಿ ಮಾತು ಎಲ್ಲೆಲ್ಲಿಗೋ ಹರಿಯುತ್ತಿತ್ತು. ನೀರೆಂದರೆ ಅವನಿಗೆ ಭಯ, ಓದಲು ಕೂತರೆ ಅವಳಿಗೆ ನಿದ್ದೆ. ಅವಳು ನಕ್ಕರೆ ಅವನು ಹೊಸ ಜೋಕು ಹುಡುಕುತ್ತಿದ್ದ. ಆದರೆ ಮಧ್ಯೆ ಮಧ್ಯೆ, "ನಿಮ್ಮ ಮನೆಯವ್ರು ಹೇಗಿದಾರೆ?" ಅಂತ ಕೇಳಿ ಗಂಭೀರನಾಗಿಬಿಡುತ್ತಿದ್ದ. 'ಎಷ್ಟು ಒಳ್ಳೆಯವನು! ಅಮ್ಮನ ಸೊಂಟದ ಬಗ್ಗೆ ನೆಂಟರೂ ಇಷ್ಟು ಕೇಳಲ್ಲ,' ಅಂದುಕೊಳ್ಳುತ್ತಿದ್ದಳು ಆ ಹುಚ್ಚು ಹುಡುಗಿ!

ಊರಾಚೆಯ ಶೋರೂಮಿನಲ್ಲಿ ಕೊನೆಗೂ ಅದು ಸಿಕ್ಕಿತು. ಗಾಢ ನೀಲಿ ಬಣ್ಣದ ಬೈಕು. ಬೆನ್ನು ನೆಟ್ಟಗಿಟ್ಟು ಕೂರುವಂಥ ಮುಂದಿನ ಸೀಟು. ಹಿಂದಿನದು ಅಗಲವಾಗಿ, ಮಟ್ಟಸವಾಗಿತ್ತು. ಒರಗಲು ದಿಂಬು. ಅಕ್ಕಪಕ್ಕ ಎರಡು ಪೆಟ್ಟಿಗೆ, ಹಿಂದೆ ಒಂದು. ಸೀಟಿನ ಕೆಳಗೆ ತಿರುಗಿಸುವ ಒಂದು ನಾಬ್. ಭಾರ ಹೆಚ್ಚಾದರೆ ಅದನ್ನು ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಬಹುದು.

"ಖಾಲಿ ಬೈಕು ಓಡ್ಸಿ ಏನು ಪ್ರಯೋಜನ? ಲಗೇಜು ಹಾಕಿ ನೋಡೋಣ," ಅಂದ ಅವನು.

ಅವಳು ಮುಂದಾಲೋಚನೆಯಿಂದ ಈಜುಕೊಳದ ನೀರಿನ ಕ್ಯಾನುಗಳನ್ನು ತಂದಿದ್ದಳು. ಮೊದಲು ಎಲ್ಲವನ್ನೂ ಹಿಂದಿನ ಪೆಟ್ಟಿಗೆಗೆ ತುಂಬಿದರು. ಬೈಕು ಹೊರಟಿದ್ದೇ ತಡ, ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಗಡಗಡ!

"ಅಯ್ಯೋ, ನಿಲ್ಸಿ! ನನಗಿನ್ನೂ ಮದುವೆ ಆಗಿಲ್ಲ!" ಅಂತ ಹಿಂದಿನಿಂದ ಅವನು ಕಿರುಚಿದ.

ಇಬ್ಬರೂ ಬಿದ್ದು ಬಿದ್ದು ನಕ್ಕು, ಕ್ಯಾನುಗಳನ್ನು ಅಕ್ಕಪಕ್ಕದ ಪೆಟ್ಟಿಗೆಗಳ ತಳಕ್ಕೆ ಸಮನಾಗಿ ಹಂಚಿ, ನಾಬ್ ತಿರುಗಿಸಿ ಸ್ಪ್ರಿಂಗನ್ನು ಬಿಗಿ ಮಾಡಿದರು. ಈಗ ಬೈಕು ಹಳಿಯ ಮೇಲೆ ಹೋಗುವ ರೈಲಿನಂತೆ ಸರಾಗ.

ಗುಡ್ಡದ ರಸ್ತೆ ಹತ್ತುವಾಗ ಅವಳಿಗೇ ಗೊತ್ತಿಲ್ಲದೆ ಅವಳ ಬೆನ್ನು ನೆಟ್ಟಗಾಯಿತು. ಶಾಲೆಯ ಫೋಟೋದಲ್ಲಿ ಬಗ್ಗಿದವಳು, ಮದುವೆಮನೆಗಳಲ್ಲಿ ಮೂಲೆ ಹಿಡಿದವಳು... ಈ ಬೈಕಿನ ಮೇಲೆ ಅವಳ ಉದ್ದ ಕೈ, ಉದ್ದ ಕಾಲು, ಅಗಲ ಹೆಗಲು ಎಲ್ಲಕ್ಕೂ ಕೆಲಸವಿತ್ತು! ಅಳತೆ ತೆಗೆದು ಅವಳಿಗೆಂದೇ ಮಾಡಿದಂತಿತ್ತು ಬೈಕು.

ಗುಡ್ಡದ ನೆತ್ತಿಯಲ್ಲಿ ನಿಲ್ಲಿಸಿ ಹೆಲ್ಮೆಟ್ ತೆಗೆದು ಅವಳು ಕೇಳಿದಳು.

"ಹೇಗಿತ್ತು? ದಾರಿ ಎಷ್ಟು ಚೆನ್ನಾಗಿದೆ ಅಲ್ವಾ?"

"ನಿಮ್ಮ ಬೆನ್ನು ಬಿಟ್ಟು ನನಗೆ ಬೇರೇನೂ ಕಾಣಿಸ್ಲಿಲ್ಲ," ಅಂದ ಮೆಲ್ಲಗೆ.

ಅವಳ ನಗು ಅರ್ಧಕ್ಕೇ ನಿಂತಿತು.

ಅವನು ದೂರ ನೋಡುತ್ತಾ ಹೇಳಿದ. "ಇದೇ ಬೈಕು ತಗೊಳ್ಳಿ. ನಿಮ್ಮ ಮನೆಯವ್ರು ಪುಣ್ಯವಂತ್ರು. ಆದ್ರೆ... ಇನ್ಮೇಲೆ ನಾನು ಬರಲ್ಲ. ನಾವಿಬ್ಬರೂ ಹೀಗೆ ಜೊತೇಲಿ ತಿರುಗೋದು ಸರಿ ಅಲ್ಲ. ನೋಡೋರಿಗೆ ಚೆನ್ನಾಗಿರಲ್ಲ."

ನೋಡೋರಿಗೆ ಚೆನ್ನಾಗಿರಲ್ಲ!

ಅದೇ ಮಾತು... ಅಕ್ಷರಶಃ ಅದೇ ಮಾತು! ಅವಳ ಕಿವಿ ಗುಂಯ್‌ಗುಟ್ಟಿತು. 'ಇವನೂ ಅವರ ಹಾಗೇನಾ? ಇಷ್ಟು ದಿನ ನನ್ನ ಪಕ್ಕ ನಿಂತಿದ್ದು ನಾಚಿಕೆ ಪಟ್ಕೊಂಡೇನಾ?'

"ಸರಿ," ಅಂದಳು ಅಷ್ಟೇ. ಇಳಿಯುವ ದಾರಿಯುದ್ದಕ್ಕೂ ಹೆಲ್ಮೆಟ್ಟಿನೊಳಗೆ ಅವಳ ಕೆನ್ನೆ ಒದ್ದೆಯಾಗುತ್ತಲೇ ಇತ್ತು.

ಬೈಕನ್ನು ಮಾತ್ರ ಅವಳು ಬಿಡಲಿಲ್ಲ. ನೀಲಿ ಬೈಕು ಮನೆಗೆ ಬಂತು. ಅಮ್ಮ ಹೊಸ ಹೆಲ್ಮೆಟ್ ಹಾಕಿಕೊಂಡು, ಮಗಳ ಹೆಗಲು ಹಿಡಿದು ಹತ್ತಿ, ದಿಂಬಿಗೆ ಒರಗಿ ಕೂತಳು. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ಅಮ್ಮನಿಗೆ ಸಂಭ್ರಮವೋ ಸಂಭ್ರಮ.

"ಅಯ್ಯೋ ಇದು ಸೀಟಲ್ಲ ಕಣೇ, ಸಿಂಹಾಸನ! ಸೊಂಟ ಇದೆ ಅನ್ನೋದೇ ಮರೆತುಹೋಯ್ತು! ಇಷ್ಟು ಚೆನ್ನಾಗಿ ಆರಿಸಿಕೊಟ್ಟ ಆ ಕನ್ನಡಕದವರನ್ನ ಒಂದಿನ ಊಟಕ್ಕೆ ಕರೀಬಾರ್ದಾ?"

ಬೈಕು ಪಕ್ಕಕ್ಕೆ ನಿಂತಿತು. ಮಗಳ ಹೆಗಲು ಅಲುಗುತ್ತಿರುವುದನ್ನು ಅಮ್ಮ ಕಂಡಳು.

"ಏನಾಯ್ತೇ?"

ಬಿಕ್ಕುತ್ತಾ ಅವಳು ಎಲ್ಲವನ್ನೂ ಹೇಳಿದಳು. ಅಮ್ಮ ಪೂರ್ತಿ ಕೇಳಿಸಿಕೊಂಡಳು.

"ಯಾಕೆ ಹಾಗಂದ್ರಿ ಅಂತ ಅವನನ್ನ ಕೇಳಿದ್ಯಾ?"

"ಕೇಳೋದೇನಿದೆ? ಗೊತ್ತಾಗಲ್ವಾ?"

"ಪ್ರಶ್ನೇನೇ ಕೇಳ್ದೆ ಉತ್ತರ ನೀನೇ ಬರ್ಕೊಂಡ್ಯಾ? ಎಲ್ಲಾ ಬಾಗಿಲಲ್ಲೂ ಬಗ್ಗಿ ಬಗ್ಗಿ ಮನಸ್ಸೂ ಬಗ್ಗೋಯ್ತೇನೇ ನಿಂದು?"

ಆ ಮಾತು ಚುರುಕ್ ಅಂತು. ಅವಳು ಕಣ್ಣೊರೆಸಿಕೊಂಡಳು. ಒಂದು ಸಲ ಉಸಿರೆಳೆದುಕೊಂಡಳು... ನೀರಿಗೆ ಧುಮುಕುವ ಮುಂಚೆ ಎಳೆದುಕೊಳ್ಳುವಂಥ ಉಸಿರು.

"ಗಟ್ಟಿಯಾಗಿ ಹಿಡ್ಕೋ ಅಮ್ಮ!"

ನೀಲಿ ಬೈಕು ಪೇಟೆಬೀದಿಯ ಕಡೆ ತಿರುಗಿತು.

ಕನ್ನಡಕದ ಅಂಗಡಿಯಲ್ಲಿ ಅವನು ಒಬ್ಬ ಹಿರಿಯರ ಕಣ್ಣು ಪರೀಕ್ಷೆ ಮಾಡುತ್ತಿದ್ದ. ಹಿರಿಯರು ಒಂದು ಕಣ್ಣು ಮುಚ್ಚಿಕೊಂಡು ಗೋಡೆಯ ಮೇಲಿನ ಅಕ್ಷರ ಓದುತ್ತಿದ್ದರು. ಬಾಗಿಲಲ್ಲಿ ಅವಳನ್ನು ಕಂಡು ಅವನ ಕೈಯಲ್ಲಿದ್ದ ಗಾಜು ಜಾರಿ ಮೇಜಿನ ಮೇಲೆ ಬಿತ್ತು.

"ನೀವು...!"

"ಒಂದು ಮಾತು ಕೇಳ್ಬೇಕು. ನೇರವಾಗಿ ಕೇಳ್ತೀನಿ, ನೇರವಾಗಿ ಹೇಳಿ." ಅವಳ ಧ್ವನಿ ನಡುಗುತ್ತಿತ್ತು, ಬೆನ್ನು ಮಾತ್ರ ನೆಟ್ಟಗಿತ್ತು. "ನಾನು ಉದ್ದ ಇದೀನಿ. ಇನ್ನು ಕಮ್ಮಿ ಆಗೋಕೆ ಸಾಧ್ಯ ಇಲ್ಲ, ಕಮ್ಮಿ ಆಗೋ ಆಸೇನೂ ಇಲ್ಲ. ನನ್ನ ಪಕ್ಕ ನಿಲ್ಲೋಕೆ ನಾಚಿಕೆ ಆದ್ರೆ ನಾಚಿಕೆ ಅನ್ನಿ. ನೋಡೋರಿಗೆ ಚೆನ್ನಾಗಿರಲ್ಲ ಅಂತ ಯಾಕೆ ಬೇರೆಯವರ ಮೇಲೆ ಹಾಕ್ತೀರ?"

ಅವನು ಕಣ್ಣರಳಿಸಿದ.

"ಉದ್ದಾನಾ? ಉದ್ದದ ಮಾತು ಯಾರು ಆಡಿದ್ರು? ಇನ್ನೊಬ್ಬರ ಹೆಂಡ್ತಿ ಜೊತೆ ನಾನು ಬೈಕಲ್ಲಿ ಸುತ್ತಿದ್ರೆ ನೋಡೋರು ಏನಂತಾರೆ ಮೇಡಂ?"

"ಇನ್ನೊಬ್ಬರ ಹೆಂಡ್ತಿನಾ? ಯಾರು?"

"ನೀವು!"

"ನಾನಾ?!"

"ಮತ್ತೆ ನಿಮ್ಮ ಮನೆಯವ್ರು... ಸೊಂಟ ನೋವು... ನನ್ನಷ್ಟೇ ಎತ್ತರ, ನನ್ನಷ್ಟೇ ದಪ್ಪ..."

ಅಷ್ಟರಲ್ಲಿ ಹೆಲ್ಮೆಟ್ ತೆಗೆಯಲಾಗದೆ ಒದ್ದಾಡುತ್ತಾ, ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಅಮ್ಮ ಒಳಗೆ ಬಂದಳು.

"ಈ ಪಟ್ಟಿ ಬಿಚ್ಚೋದು ಹೇಗೇ? ಉಸಿರು ಕಟ್ತಿದೆ!"

ಅವಳಿಗೆ ಈಗ ಎಲ್ಲವೂ ಅರ್ಥವಾಯಿತು. ಅಳಬೇಕೋ ನಗಬೇಕೋ ತಿಳಿಯದೆ ಅಮ್ಮನ ಕಡೆ ಕೈ ತೋರಿಸಿದಳು.

"ಇವರೇ... ನಮ್ಮ ಮನೆಯವ್ರು. ನಮ್ಮಮ್ಮ!"

ಅವನು ಅಮ್ಮನನ್ನು ನೋಡಿದ. ತನ್ನಷ್ಟೇ ಎತ್ತರ. ತನ್ನಷ್ಟೇ ದಪ್ಪ. ಕೈ ಸೊಂಟದ ಮೇಲೆ...

ಹಿಂದಿದ್ದ ಸ್ಟೂಲಿನ ಮೇಲೆ ಧೊಪ್ಪನೆ ಕುಸಿದು ಕೂತ.

"ಅಯ್ಯೋ ದೇವರೇ! ಹೆಂಡ್ತಿ ಒಬ್ಬಳೇ ಬೈಕಿಗೆ ಅಲೀತಿದಾಳೆ, ಈ ಸೋಮಾರಿ ಮನೇಲಿ ಕಾಲು ಚಾಚ್ಕೊಂಡು ಕೂತಿದಾನಲ್ಲ ಅಂತ ದಿನಾ ಬೈಕೋತಿದ್ನಲ್ಲ!"

"ಅಂದ್ರೆ ಬೈಸ್ಕೊಂಡಿದ್ದು ನಾನು," ಅಂದಳು ಅಮ್ಮ. "ಇರ್ಲಿ ಬಿಡಪ್ಪ, ಮೊದಲು ಈ ಪಟ್ಟಿ ಬಿಚ್ಚು."

ಅವನು ಎದ್ದು ಪಟ್ಟಿ ಬಿಚ್ಚಿದ. ಆಮೇಲೆ ಅವಳ ಎದುರು ಬಂದು ನಿಂತ. ಕತ್ತೆತ್ತಿ, ಕಣ್ಣಿಗೆ ಕಣ್ಣಿಟ್ಟು ನೋಡಿದ.

"ಅವತ್ತು ಗುಡ್ಡದ ಮೇಲೆ ಪೂರ್ತಿ ಹೇಳೋಕಾಗ್ಲಿಲ್ಲ. ನಿಮ್ಮ ಬೆನ್ನು ಬಿಟ್ಟು ಏನೂ ಕಾಣಿಸ್ಲಿಲ್ಲ... ಬೇರೇನೂ ಕಾಣೋದು ಬೇಡ ಅನ್ನಿಸ್ತು. ಬೈಕಿನ ಮೇಲೆ ನೀವು ರಾಣಿ ಥರ ಕೂತಿದ್ರಿ. ಈ ದಾರಿ ಮುಗೀದೇ ಇರ್ಲಿ ಅನ್ಕೊಂಡೆ. ಇನ್ನೊಬ್ಬರ ಹೆಂಡ್ತಿ ಬಗ್ಗೆ ಹೀಗೆಲ್ಲಾ ಅನ್ನಿಸ್ತಿದೆಯಲ್ಲ ಅಂತ ನನಗೇ ಹೇಸಿಗೆ ಆಯ್ತು. ಅದಕ್ಕೇ ಓಡಿಹೋದೆ."

ಅವಳ ಕಣ್ಣು ತುಂಬಿ ಬಂತು. "ಕೇಳ್ಬಾರ್ದಾಗಿತ್ತಾ ನನ್ನನ್ನ?"

"ನೀವೂ ಕೇಳ್ಬೋದಿತ್ತು."

"ಅದಕ್ಕೇ ತಾನೇ ಈಗ ಬಂದಿದ್ದು!"

ಇನ್ನೂ ಒಂದು ಕಣ್ಣು ಮುಚ್ಚಿಕೊಂಡೇ ಕೂತಿದ್ದ ಹಿರಿಯರು ಮೆಲ್ಲಗೆ ಕೆಮ್ಮಿದರು.

"ನಾನು ಮುಂದಿನ ಸಾಲು ಓದ್ಲಾ? ಇಲ್ಲಾ ನೀವು ಇನ್ನೂ ಮಾತಾಡ್ತೀರಾ?"

ಅಂಗಡಿಯೆಲ್ಲ ನಗುವಿನಲ್ಲಿ ಮುಳುಗಿತು.

ಬೆಟ್ಟದ ಪ್ರವಾಸ ಎರಡು ಬೈಕುಗಳಲ್ಲಿ ಹೊರಟಿತು. ಅವನು ಆ ತಗ್ಗಿನ ಗುಂಡು ಬೈಕನ್ನೇ ಕೊಂಡಿದ್ದ. ನೀಲಿ ಬೈಕಿನ ಸಿಂಹಾಸನದ ಮೇಲೆ ಅಮ್ಮ, ಅವರ ಹಿಂದೆ ತನ್ನ ಬೈಕಿನಲ್ಲಿ ಅವನು. ತನ್ನ ಖಾಲಿ ಸೀಟಿಗೆ ಅಮ್ಮನ ಹಾಸಿಗೆ, ಹೊದಿಕೆ, ಬಿಸಿನೀರಿನ ಚೀಲ ಎಲ್ಲವನ್ನೂ ಕಟ್ಟಿಕೊಂಡಿದ್ದ. ಕಡಿದಾದ ತಿರುವುಗಳಲ್ಲಿ ಅವಳು ಬೈಕು ವಾಲಿಸುವ ರೀತಿ ನೋಡಿ, ಎದುರಿಗೆ ಬರುವ ಲಾರಿಯವರೂ ಹಾರ್ನ್ ಹೊಡೆದು ಶಹಭಾಸ್ ಅನ್ನುತ್ತಿದ್ದರು.

ಕೊನೆಗೂ ಬೆಟ್ಟದ ನೆತ್ತಿ ಬಂತು! ಅಮ್ಮ ಬೈಕಿನಿಂದ ಇಳಿದು, ಯಾರ ಕೈಯನ್ನೂ ಹಿಡಿಯದೆ ಅಂಚಿನ ತನಕ ನಡೆದಳು. ಜೀವಮಾನವಿಡೀ ನೋಡಬೇಕೆಂದಿದ್ದ ಆಚೆ ಬದಿಯನ್ನು ಕಣ್ತುಂಬ ನೋಡಿದಳು.

"ಏನಿದೆ ಅಮ್ಮ ಆ ಕಡೆ?" ಅವಳು ಕೂಗಿ ಕೇಳಿದಳು.

"ಇನ್ನೂ ಬೆಟ್ಟಾನೇ ಕಣೇ! ಬರೀ ಬೆಟ್ಟ!" ಅಮ್ಮ ಮಗುವಿನಂತೆ ನಕ್ಕಳು. "ನಡೀರಿ, ಅದನ್ನೂ ಹತ್ತೋಣ!"

ಅಲ್ಲೇ ನಿಂತಿದ್ದ ಪ್ರವಾಸಿಯೊಬ್ಬ ಅವರಿಬ್ಬರ ಫೋಟೋ ತೆಗೆಯಲು ಮುಂದೆ ಬಂದ. "ಸರ್ ಆ ಕಲ್ಲಿನ ಮೇಲೆ ಹತ್ತಿ. ಮೇಡಂ ಸ್ವಲ್ಪ ಕೆಳಗೆ ನಿಂತ್ಕೊಳ್ಳಿ, ಸರಿಹೋಗುತ್ತೆ."

"ಈಗೇನು ಸರಿ ಇಲ್ಲ?" ಅವನು ನಗುತ್ತಲೇ ಕೇಳಿದ. "ಹೀಗೇ ತೆಗೀರಿ."

ಅವಳು ನಿಡಿದಾಗಿ ನಿಂತಳು. ಗಾಳಿಗೆ ಕೂದಲು ಹಾರುತ್ತಿತ್ತು. ಅವನ ತಲೆ ಅವಳ ಹೆಗಲ ಮಟ್ಟಕ್ಕಿತ್ತು. ಅವನ ಮುಖದಲ್ಲಿದ್ದ ಹೆಮ್ಮೆಗೆ ಮಾತ್ರ ಮಟ್ಟವೇ ಇರಲಿಲ್ಲ.

ಪ್ರವಾಸಿ ಹೋದ ಮೇಲೆ ಅವನು ಮೆಲ್ಲಗೆ ಅಂದ. "ಮದುವೆ ಆದ್ಮೇಲೂ ನೀವೇ ಮುಂದೆ ಕೂತ್ಕೊಳ್ಳಿ. ನಾನು ಹಿಂದೆ."

"ಇದು ಮದುವೆ ಆಗ್ತೀಯಾ ಅಂತ ಕೇಳೋ ರೀತಿನಾ?"

"ನನಗೆ ಬೇರೆ ರೀತಿ ಬರಲ್ಲ. ಆಗ್ತೀರಾ?"

"ಆಗ್ತೀನಿ!" ಅವಳು ಬೆಟ್ಟಕ್ಕೇ ಕೇಳುವ ಹಾಗೆ ಹೇಳಿದಳು. ಅಂಚಿನಲ್ಲಿ ನಿಂತಿದ್ದ ಅಮ್ಮ ತಿರುಗಿ ನೋಡದೆಯೇ ಚಪ್ಪಾಳೆ ತಟ್ಟಿದಳು.

ತಣ್ಣನೆಯ ಗಾಳಿ ಬೀಸಿತು.

"ಚಳಿ ಇದೆ. ಇನ್ನೂ ಹತ್ತಿರ ಬನ್ನಿ," ಅಂದ ಅವನು.

"ಇನ್ನೂ 'ಬನ್ನಿ'ನಾ?"

ಅವನ ಕಿವಿಯವರೆಗೂ ಕೆಂಪೇರಿತು. ಗಂಟಲು ಸರಿಮಾಡಿಕೊಂಡ.

"...ಬಾ."

"ನೀನೇ ಬಾ," ಅಂದಳು ಅವಳು, ತೋಳು ಚಾಚಿ.

ಅವನು ಬಂದ.